ಗೇರು ಬಿಟ್ಟ ಇಳಿಜಾರು

ಇಟೆನ್
4 ಫೆಬ್ರವರಿ 2023

ಅಪ್ಪಾ,

ಗಾಡಿ ಬಂದು ಮುಟ್ಟಿತು. ನಿನ್ನ ನಿವೃತ್ತಿ ದುಡ್ಡನ್ನೆಲ್ಲ ನನಗಾಗಿ ಒಂದು ಹಳೇ ಜಪಾನಿ ಕಾರಿಗೆ ಸುರಿದೆಯಲ್ಲ, ಏನು ಹೇಳಲಿ? ಬಂದರಿನಲ್ಲಿ ನಿಂತು ನೀನೇ ಆರಿಸಿದ್ದು ಅಂತ ಕಂಡಕೂಡಲೇ ಗೊತ್ತಾಯ್ತು. ಮೈಮೇಲೆ ಗೀರುಗಳಿದ್ದರೂ ಇಂಜಿನ್ ಮಾತ್ರ ಬೆಣ್ಣೆ.

ಫೋನಿನಲ್ಲಿ ಹೇಳೋಣ ಅಂದರೆ ನಿನಗೆ ಕೇಳಿಸಲ್ಲ. ಮೆಸೇಜ್ ಕಳಿಸಿದರೆ ಆ ಸಣ್ಣ ಅಕ್ಷರ ಕಾಣಲ್ಲ ಅಂತೀಯ. ಅದಕ್ಕೇ ಹಳೇ ಕಾಲದವರ ಹಾಗೆ ದಪ್ಪ ಅಕ್ಷರದಲ್ಲಿ ಬರೆದು ಮೊಂಬಾಸಾ ಬಸ್ಸಿಗೆ ಹಾಕ್ತಿದ್ದೀನಿ.

ಸೋಮವಾರದಿಂದ ಬಾಡಿಗೆ ಶುರು ಮಾಡಿದೆ. ಇಟೆನ್‌ನಿಂದ ಕೆಳಗೆ ಕೆರಿಯೊ ಕಣಿವೆಯ ಸೇತುವೆವರೆಗೆ, ಮತ್ತೆ ಮೇಲಕ್ಕೆ. ಐದು ಜನರ ಗಾಡಿಯಲ್ಲಿ ಏಳು ಜನ, ಹಿಂದೆ ಮಾವಿನ ಬುಟ್ಟಿಗಳು. ನಿಲ್ದಾಣದಲ್ಲಿ ಗಂಡಸು ಡ್ರೈವರ್‌ಗಳದ್ದು ಒಂದೇ ಗೇಲಿ. "ಆಟೊಮ್ಯಾಟಿಕ್ ಗಾಡಿನಾ? ಕ್ಲಚ್ಚೇ ಇಲ್ಲ! ಇದನ್ನ ಓಡಿಸೋದಲ್ಲಮ್ಮ, ಇದರ ಮೇಲೆ ಕೂತಿರೋದು." ನಗಲಿ ಬಿಡು. ನನ್ನ ಓಟಗಾರ ಗಂಡ ಹೇಳದೆ ಕೇಳದೆ ಬಿಟ್ಟುಹೋದಾಗಲೂ ನಕ್ಕವರೇ.

ಒಂದೇ ಚಿಂತೆ, ಪೆಟ್ರೋಲು. ದಿನವಿಡೀ ದುಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ನುಂಗುತ್ತೆ. ನಾನು ಹುಟ್ಟೋ ಮೊದಲು ನೀನು ಈ ದಾರಿಯಲ್ಲೇ ಲಾರಿ ಓಡಿಸಿದವನಲ್ಲವಾ? ಏನಾದರೂ ಉಪಾಯ ಹೇಳು.

ನಿನ್ನ ಮಗಳು,
ಜೆರೊಪ್


ಮೊಂಬಾಸಾ
15 ಫೆಬ್ರವರಿ 2023

ಮಗಳೇ ಜೆರೊಪ್,

ಪತ್ರ ಸಿಕ್ಕಿತು. ಲಾರಿ ಯಾರ್ಡಿನ ಗೇಟಿನಲ್ಲಿ ಕೂತು ಓದಿದೆ. ಇಲ್ಲಿ ಕಾವಲು ಕಾಯೋ ಕೆಲಸಕ್ಕೆ ಕಿವಿ ಬೇಕಿಲ್ಲ, ಕಣ್ಣು ಸಾಕು. ಲಾರಿ ಹಿಂದಕ್ಕೆ ಬರುವಾಗ ಹುಡುಗರು ನನ್ನ ಅಂಗಿ ಹಿಡಿದು ಎಳೀತಾರೆ, ಅಷ್ಟೇ.

ಪೆಟ್ರೋಲಿನ ಉಪಾಯ ಕೇಳಿದ್ದೀಯ. ಸರಿಯಾದವನನ್ನೇ ಕೇಳಿದೆ. ಇಟೆನ್ ಅಂಚು ದಾಟಿ ರಸ್ತೆ ಕೆಳಕ್ಕೆ ಬಾಗಿತು ಅಂದಕೂಡಲೇ ಗೇರನ್ನ ಡಿ ಇಂದ ಎನ್‌ಗೆ ತಳ್ಳು. ನ್ಯೂಟ್ರಲ್. ಅಲ್ಲಿಂದ ಕಣಿವೆ ತಳದವರೆಗೆ ಗಾಡಿಯನ್ನ ಇಳಿಜಾರೇ ಕರೆದುಕೊಂಡು ಹೋಗುತ್ತೆ, ಇಂಜಿನ್ ಸುಮ್ಮನೆ ಗುನುಗ್ತಾ ಇರುತ್ತೆ. ಅರ್ಧ ದಾರಿ ಬಿಟ್ಟಿ! ತಿರುವಿನಲ್ಲಿ ಬ್ರೇಕನ್ನ ಹಗುರವಾಗಿ ಮುಟ್ಟು, ಸಾಕು. ಸಿಮೆಂಟು ತುಂಬಿದ ಲಾರಿಯನ್ನೇ ಹಾಗೆ ಇಳಿಸಿದವನು ನಾನು. ನಿನ್ನದು ಅದರ ಮುಂದೆ ಆಟದ ಸಾಮಾನು.

ಇನ್ನೊಂದು ಮಾತು. ಅಲ್ಲಿ ಯಾರ ಹತ್ತಿರವೂ ಕಿಮಾಯೊ ಮಗಳು ಅಂತ ಹೇಳಿಕೊಳ್ಳಬೇಡ. ಹಳೇ ಡ್ರೈವರ್‌ಗಳು ಇನ್ನೂ ಇರಬಹುದು. ನೆಂಟಸ್ತಿಕೆ ಹೇಳಿಕೊಂಡು ಬಿಟ್ಟಿ ಸವಾರಿ ಕೇಳ್ತಾರೆ. ಕಾಪ್ಸಾಬೆಟ್ ಕಡೆಯವಳು ಅಂದರೆ ಸಾಕು.

ಅಪ್ಪ


ಇಟೆನ್
3 ಮಾರ್ಚ್ 2023

ಅಪ್ಪಾ,

ನೀನು ಹೇಳಿದ ಹಾಗೇ ಮಾಡ್ತಿದ್ದೀನಿ. ಮೊದಲ ದಿನ ತಿರುವು ತಿರುವಿಗೂ ಬ್ರೇಕ್ ಒತ್ತಿದೆ. ಈಗ ಕಣಿವೆಗೆ ಹಾರಿ ಇಳಿಯೋ ಹದ್ದಿನ ಹಾಗೆ ಆರಾಮ. ಪೆಟ್ರೋಲೂ ಸ್ವಲ್ಪ ಉಳೀತಿರೋ ಹಾಗಿದೆ, ಅಥವಾ ನನಗೆ ಹಾಗನಿಸುತ್ತೋ.

ಆದರೆ ನಿನ್ನೆ ಬೈಸಿಕೊಂಡೆ. ಇಲ್ಲಿ ಲಿಮೊ ಅಂತ ಒಬ್ಬ ಮೆಕ್ಯಾನಿಕ್ ಇದ್ದಾನೆ, ನಲವತ್ತರ ಹತ್ತಿರದವನು. ನಾನು ಅಣ್ಣ ಅಂತೀನಿ, ತಂಗಿ ಅಂತಾನೆ. ಆಯಿಲ್ ಬದಲಿಸೋಕೆ ಹೋದಾಗ ಚಕ್ರ ಬಿಚ್ಚಿ ಬ್ರೇಕ್ ನೋಡಿದವನೇ ನನ್ನ ಮುಖ ನೋಡಿದ.

"ಎನ್‌ನಲ್ಲಿ ಇಳಿಸ್ತೀಯಾ?"

"ಪೆಟ್ರೋಲ್ ಉಳೀಲಿ ಅಂತ ಅಣ್ಣಾ."

"ಯಾವ ಪುಣ್ಯಾತ್ಮ ಹೇಳಿಕೊಟ್ಟ ನಿನಗೆ? ಈ ಗಾಡಿ ಡಿನಲ್ಲಿದ್ದು ನೀನು ಕಾಲು ತೆಗೆದರೆ ಪೆಟ್ರೋಲ್ ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಚಕ್ರವೇ ಇಂಜಿನ್ ತಿರುಗಿಸುತ್ತೆ. ಎನ್‌ಗೆ ಹಾಕಿದರೆ, ಇಂಜಿನ್ ಆರಿಹೋಗಬಾರದಲ್ಲ, ಆಗ ಕುಡಿಯೋಕೆ ಶುರು ಮಾಡುತ್ತೆ. ಉಳಿಸೋಕೆ ಹೋಗಿ ಸುರೀತಿದ್ದೀಯ. ಮೇಲಾಗಿ ಗಾಡಿ ಹಿಡಿಯೋ ಭಾರವೆಲ್ಲ ಬ್ರೇಕಿನ ಮೇಲೆ. ಎಷ್ಟು ದಿನ ತಡೆಯುತ್ತೆ ಅದು?"

ಆಮೇಲೆ ಹೇಳಿದ, ಅವನ ಅಪ್ಪ ಸತ್ತದ್ದೇ ಹೀಗಂತೆ. ಚೆಬೊಯ್ ಅಂತ ಹೆಸರು, ಲಾರಿ ಡ್ರೈವರ್. ನ್ಯೂಟ್ರಲ್‌ನಲ್ಲಿ ಇಳಿಸಿ ಇದೇ ಇಳಿಜಾರಿನಲ್ಲಿ ಲಾರಿಯನ್ನ ಬಂಡೆಗೆ ಹೊಡೆದನಂತೆ. ಲಿಮೊಗೆ ಆಗ ಐದು ವರ್ಷ. "ನಮ್ಮಪ್ಪ ನಾಲ್ಕು ಲೀಟರ್ ಡೀಸೆಲ್ ಆಸೆಗೆ ತನ್ನನ್ನ ತಾನೇ ಕೊಂದುಕೊಂಡ ದಡ್ಡ. ನೀನಾಗಬೇಡ" ಅಂದ. ಬರೋ ಡ್ರೈವರ್‌ಗಳಿಗೆಲ್ಲ ಇದನ್ನೇ ಹೇಳ್ತಾನಂತೆ. ಅಪ್ಪನ ಬಗ್ಗೆ ಹಾಗೆ ಅನ್ನೋದು ಕೇಳಿ ನನಗೇ ಮುಜುಗರವಾಯ್ತು.

ನೀನೂ ಆಗ ಈ ದಾರಿಯಲ್ಲೇ ಇದ್ದೆಯಲ್ಲ, ಚೆಬೊಯ್ ಗೊತ್ತಿತ್ತಾ ನಿನಗೆ? ಈಗ ನಾನು ಏನು ಮಾಡಲಿ, ಎನ್‌ನಲ್ಲಿ ಇಳೀಲಾ, ಬೇಡವಾ?

ಜೆರೊಪ್


ಮೊಂಬಾಸಾ
20 ಮಾರ್ಚ್ 2023

ಜೆರೊಪ್,

ಬ್ರೇಕ್ ಮಾರಿ ಹೊಟ್ಟೆ ಹೊರೆಯೋರು ಬ್ರೇಕ್ ಕೆಡುತ್ತೆ ಅಂತಲೇ ಹೇಳೋದು. ನಾನು ಮೂವತ್ತು ವರ್ಷ ಲಾರಿ ಓಡಿಸಿದ್ದೀನಿ. ಅವನು ಎಷ್ಟು ವರ್ಷ ಓಡಿಸಿದ್ದಾನೆ, ಕೇಳು.

ನಾನು ಹೇಳಿದ ಹಾಗೆ ಮಾಡು. ಆ ಗ್ಯಾರೇಜಿಗೆ ಮತ್ತೆ ಹೋಗಬೇಡ. ಎಲ್ಡೊರೆಟ್‌ನಲ್ಲಿ ಒಳ್ಳೇ ಗ್ಯಾರೇಜ್‌ಗಳಿವೆ.

ಇಲ್ಲಿ ಸೆಕೆ ಜಾಸ್ತಿ.

ಅಪ್ಪ


ಇಟೆನ್
11 ಏಪ್ರಿಲ್ 2023

ಅಪ್ಪಾ,

ಗಾಡಿ ನಾಲ್ಕು ದಿನದಿಂದ ಲಿಮೊ ಗ್ಯಾರೇಜಿನಲ್ಲಿದೆ. ಸಣ್ಣ ಕೆಲಸ. ಎಲ್ಡೊರೆಟ್‌ವರೆಗೆ ಒಯ್ಯೋ ಹಾಗಿರಲಿಲ್ಲ.

ಮಳೆ ಶುರುವಾಗಿದೆ. ನಿನ್ನ ಮೊಮ್ಮಗಳಿಗೆ ಶಾಲೆ ರಜೆ. ನಾವಿಬ್ಬರೂ ಚೆನ್ನಾಗಿದ್ದೀವಿ.

ಜೆರೊಪ್


ಮೊಂಬಾಸಾ
22 ಏಪ್ರಿಲ್ 2023

ಜೆರೊಪ್,

ಸಣ್ಣ ಕೆಲಸಕ್ಕೆ ನಾಲ್ಕು ದಿನ ಗಾಡಿ ಇಟ್ಟುಕೊಳ್ತಾರಾ? ಹೋಗಬೇಡ ಅಂದಿದ್ದೆ. ಅವನ ಕೈಗೇ ಗಾಡಿ ಕೊಟ್ಟೆ. ಈಗ ಏನೇನು ಬಿಚ್ಚಿ ಮಾರಿದ್ದಾನೋ. ಮೊದಲು ನಿನ್ನ ತಲೆಗೆ ಹೆದರಿಕೆ ತುಂಬಿದ, ಈಗ ಗಾಡಿಯನ್ನೇ ಹಿಡಿದಿಟ್ಟುಕೊಂಡ. ಆ ಮನೆಯವರಿಗೆ ನಮ್ಮ ಮೇಲೆ ಇರೋ ಹಗೆ ಹೀಗೆ ತೀರಿಸಿಕೊಳ್ತಿದ್ದಾರೆ.

ಇವತ್ತೇ ಹೋಗಿ ಗಾಡಿ ಬಿಡಿಸಿಕೊಂಡು ಬಾ. ಆ ಊರು ಬಿಟ್ಟು ಕಾಪ್ಸಾಬೆಟ್‌ಗೆ ಹೋಗು. ಅಲ್ಲೇ ಓಡಿಸು. ಅಪ್ಪನ ಮಾತು ಅಂತ ಒಂದು ಬೆಲೆ ಇದ್ದರೆ ಇದನ್ನ ಮಾಡು.

ಅಪ್ಪ


ಇಟೆನ್
2 ಮೇ 2023

ಅಪ್ಪಾ,

ಸುಳ್ಳು ಬರೆದಿದ್ದೆ. ಸಣ್ಣ ಕೆಲಸ ಅಲ್ಲ. ನಿನಗೆ ನೋವಾಗುತ್ತೆ ಅಂತ ಮುಚ್ಚಿಟ್ಟೆ. ನಿನ್ನ ಪತ್ರ ಓದಿದ ಮೇಲೆ ಮುಚ್ಚಿಡೋ ಮನಸ್ಸಿಲ್ಲ.

ಏಪ್ರಿಲ್ ಆರು, ಗುರುವಾರ, ಬೆಳಿಗ್ಗೆ. ಈಸ್ಟರ್ ಸಂತೆಗೆ ಏಳು ಜನ ಹತ್ತಿದ್ದರು. ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ. ಅಂಚು ದಾಟಿದ ಮೇಲೆ ನೀನು ಹೇಳಿದ ಹಾಗೆ ಎನ್‌ಗೆ ತಳ್ಳಿದೆ. ತಂಬಾಚ್ ದಾಟೋ ಹೊತ್ತಿಗೆ ಸುಟ್ಟ ವಾಸನೆ. ಹೊರಗಿನಿಂದ ಬರ್ತಿದೆ ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ಲು ನಾದಿದ ಹಿಟ್ಟಿನ ಹಾಗೆ ಮೆತ್ತಗೆ ಒಳಗೆ ಹೋಯ್ತು. ಮತ್ತೆ ಒತ್ತಿದೆ, ನೆಲಕ್ಕೆ ಮುಟ್ಟಿತು. ಗಾಡಿ ನಿಲ್ಲಲಿಲ್ಲ ಅಪ್ಪಾ. ಬಲಕ್ಕೆ ಕಣಿವೆ, ಕೆಳಗೆ ರಸ್ತೆಯಲ್ಲಿ ಆಡು ಹೊಡೆದುಕೊಂಡು ಬರ್ತಿರೋ ಜನ. ಹಿಂದಿನ ಸೀಟಿನವರು ಯೇಸು ಯೇಸು ಅಂತ ಕಿರುಚ್ತಿದ್ದರು. ನನ್ನ ಕೈ ಸ್ಟೇರಿಂಗಿಗೆ ಅಂಟಿಕೊಂಡುಬಿಟ್ಟಿತ್ತು.

ಆ ಅಜ್ಜಿ ನನ್ನ ತೋಳಿಗೆ ಹೊಡೆದಳು. "ಗೇರು ಹಾಕೇ! ನನ್ನ ಮಗ ದಿನಾ ಬಡಕೊಳ್ತಾನಲ್ಲ, ಗೇರು ಹಾಕೇ ಹುಡುಗಿ!"

ಡಿಗೆ ಎಳೆದೆ, ಆಮೇಲೆ ಎರಡಕ್ಕೆ. ಇಂಜಿನ್ ಹಂದಿ ಕೊಯ್ದ ಹಾಗೆ ಕೂಗಿತು. ಎಲ್ಲರೂ ಮುಂದಕ್ಕೆ ಬಿದ್ದರು. ವೇಗ ತಗ್ಗಿತು. ರಸ್ತೆ ಪಕ್ಕ ಸುರಿದಿದ್ದ ಕೆಂಪು ಮಣ್ಣಿನ ಗುಡ್ಡೆಗೆ ಮೂತಿ ತೂರಿಸಿ ನಿಲ್ಲಿಸಿದೆ. ಯಾರೂ ಸಾಯಲಿಲ್ಲ. ಅಜ್ಜಿಯ ಮಣಿಕಟ್ಟು ಮುರಿಯಿತು. ಅವಳ ಹೆಸರು ತಪ್ಕಿಗೆನ್. ಲಿಮೊನ ತಾಯಿ. ಚೆಬೊಯ್‌ನ ಹೆಂಡತಿ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಳ್ತಾ ನನ್ನ ಕೇಳಿದಳು, "ಯಾರ ಮಗಳು ನೀನು?" ಕಾಪ್ಸಾಬೆಟ್ ಕಡೆಯವಳು ಅಂದೆ. "ಊರು ಕೇಳಲಿಲ್ಲ" ಅಂದಳು. ಔಷಧಿ ತರ್ತೀನಿ ಅಂತ ನಾನು ಎದ್ದು ಹೋದೆ.

ಲಿಮೊ ಏನೂ ಬಿಚ್ಚಿ ಮಾರಲಿಲ್ಲ. ಬ್ರೇಕಿನ ಸಾಮಾನಿಗಷ್ಟೇ ದುಡ್ಡು ತೆಗೆದುಕೊಂಡ. ಅವನ ತಾಯಿಯ ಕೈ ಮುರಿದವಳ ಗಾಡಿ ಅದು.

ನೀನು ಹೇಳಿದ್ದನ್ನ ಮಾಡಿ ಏಳು ಜನರನ್ನ ಕೊಲ್ತಿದ್ದೆ. ಆ ಮನೆಯವರಿಗೆ ನಮ್ಮ ಮೇಲೆ ಹಗೆ ಅಂತ ಬರೆದೆಯಲ್ಲ, ಯಾವ ಹಗೆ? ಅವರಿಗೆ ನೀನು ಯಾರು ಅಂತಲೇ ಗೊತ್ತಿಲ್ಲ. ಚೆಬೊಯ್ ಗೊತ್ತಾ ಅಂತ ಕೇಳಿದ್ದೆ. ಅದಕ್ಕೆ ಯಾಕೆ ಉತ್ತರ ಕೊಡಲಿಲ್ಲ?

ಜೆರೊಪ್


ಇಟೆನ್
30 ಮೇ 2023

ಅಪ್ಪಾ,

ನಾಲ್ಕು ವಾರವಾಯ್ತು. ನಾನು ಗಡುಸಾಗಿ ಬರೆದೆ, ಒಪ್ಪಿಕೊಳ್ತೀನಿ. ಯಾರ್ಡಿನ ಆಫೀಸಿಗೆ ಫೋನ್ ಮಾಡಿದೆ. ಕೆಲಸಕ್ಕೆ ಬರ್ತಾರೆ, ಹೋಗ್ತಾರೆ ಅಂದರು. ಹಾಗಾದರೆ ಹುಷಾರಾಗೇ ಇದ್ದೀಯ. ಪತ್ರ ಕೈ ಸೇರಿದೆ ಅಂತ ಬಸ್ಸಿನವರೂ ಹೇಳಿದರು.

ನಾನು ಮತ್ತೆ ಓಡಿಸ್ತಿದ್ದೀನಿ. ಐದೇ ಜನ. ಇಳಿಜಾರಿನಲ್ಲಿ ಎರಡನೇ ಗೇರು.

ಒಂದು ಗೆರೆ ಆದರೂ ಬರಿ.

ಜೆರೊಪ್


ಮೊಂಬಾಸಾ
18 ಜೂನ್ 2023

ಮಗಳೇ,

ಇದನ್ನ ಆರು ಸಲ ಬರೆದು ಹರಿದಿದ್ದೀನಿ. ಈ ಸಲ ತಿದ್ದದೆ ಕಳಿಸ್ತೀನಿ.

ಚೆಬೊಯ್ ನನಗೆ ಗೊತ್ತಿದ್ದ. ನಾವಿಬ್ಬರೂ ಒಂದೇ ಲಾರಿಯಲ್ಲಿದ್ದವರು. ಎರಡು ವರ್ಷ ಒಂದೇ ತಟ್ಟೆಯಲ್ಲಿ ಉಗಾಲಿ ಮುದ್ದೆ ತಿಂದವರು. 1988ರ ನವೆಂಬರ್. ಕಣಿವೆಯಲ್ಲಿ ರಸ್ತೆ ಕೆಲಸ ನಡೀತಿತ್ತು, ಸಿಮೆಂಟು ಸಾಗಿಸ್ತಿದ್ದೆವು. ಗುತ್ತಿಗೆದಾರ ಟ್ರಿಪ್ಪಿಗೆ ಇಷ್ಟು ಅಂತ ಡೀಸೆಲ್ ಕೊಡ್ತಿದ್ದ, ಉಳಿದದ್ದನ್ನ ಮಾರಿಕೊಳ್ತಿದ್ದೆವು. ಬಯಲಿನಲ್ಲಿ ಅವನು ಓಡಿಸೋನು. ಇಳಿಜಾರು ನನ್ನದು, ನನಗೆ ಧೈರ್ಯ ಜಾಸ್ತಿ ಅಂತ.

ಆವತ್ತು ನ್ಯೂಟ್ರಲ್‌ಗೆ ಹಾಕಿದ್ದೇ ಅಲ್ಲದೆ ಇಂಜಿನ್ನನ್ನೂ ಆರಿಸಿದೆ. ಗಾಳಿ ಬ್ರೇಕಿನ ಲಾರಿ. ಇಂಜಿನ್ ನಿಂತರೆ ಗಾಳಿ ತುಂಬಲ್ಲ, ಇದ್ದ ಗಾಳಿ ನಾಲ್ಕು ಸಲ ಒತ್ತೋದರಲ್ಲಿ ಖಾಲಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಚೆಬೊಯ್ ಹೇಳ್ತಾನೇ ಇದ್ದ, "ಗೇರು ಹಾಕು ಕಿಮಾಯೊ, ಗೇರು ಹಾಕು ಮಾರಾಯ." ಆಮೇಲೆ ಹಾಕೋಕೆ ಹೋದರೆ ಗೇರು ಕೂರಲಿಲ್ಲ. ಕರಕರ ಅಂತ ಹಲ್ಲು ಕಡೀತು, ಅಷ್ಟೇ. ನಾನು ಬಾಗಿಲು ತೆಗೆದು ಹಾರಿಬಿಟ್ಟೆ.

ಅವನೂ ಹಾರಬಹುದಿತ್ತು. ಅವನ ಬಾಗಿಲೂ ತೆರೆದಿತ್ತು. ಕೆಳಗಿನ ತಿರುವಿನಲ್ಲಿ ಸೌದೆ ಹೊತ್ತ ಹೆಂಗಸರು ಸಾಲಾಗಿ ಹತ್ತಿ ಬರ್ತಿದ್ದರು. ಅವನು ನನ್ನ ಸೀಟಿಗೆ ಸರಿದು ಸ್ಟೇರಿಂಗ್ ಹಿಡಿದದ್ದನ್ನ ನಾನು ಮಣ್ಣಿನಲ್ಲಿ ಬಿದ್ದುಕೊಂಡೇ ನೋಡಿದೆ. ಅವರ ಮೇಲೆ ಹೋಗದ ಹಾಗೆ ಬಂಡೆಗೆ ತಿರುಗಿಸಿದ.

ಸ್ಟೇರಿಂಗಿನ ಹಿಂದೆ ಸಿಕ್ಕಿದವನು ಅವನು. ಪೊಲೀಸರು ಕೇಳಿದರು, "ಇವನೇ ಓಡಿಸ್ತಿದ್ದನಾ?" ನಾನು ತಲೆ ಆಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ, ತಲೆ ಆಡಿಸಿದ್ದಷ್ಟೇ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೀನಿ. ತಪ್ಪು ಅವನದೇ ಅಂತ ಬರೆದುಕೊಂಡರು. ಅವನ ಹೆಂಡತಿಗೆ ಪರಿಹಾರ ಅಂತ ಏನೂ ಬರಲಿಲ್ಲ. ಮಣ್ಣು ಮಾಡೋಕೂ ನಾನು ಹೋಗಲಿಲ್ಲ. ಆ ದಾರಿ ಬಿಟ್ಟು ಕರಾವಳಿಗೆ ಬಂದೆ.

ಎಲ್ಲ ಗೊತ್ತಿದ್ದೂ ನಿನಗೆ ಯಾಕೆ ಅದನ್ನೇ ಹೇಳಿಕೊಟ್ಟೆ ಅಂತ ಕೇಳ್ತೀಯ. ನಾನೂ ಆರು ವಾರದಿಂದ ಅದನ್ನೇ ಕೇಳಿಕೊಳ್ತಿದ್ದೀನಿ. ಆ ದಿನದ ಮೇಲೂ ನಾನು ನ್ಯೂಟ್ರಲ್ ಬಿಡಲಿಲ್ಲ. ಮತ್ತೆ ಲಾರಿ ಹತ್ತಿದಾಗಿಂದ ಕಿವಿ ಹೋಗೋವರೆಗೂ, ಪ್ರತಿ ಇಳಿಜಾರಿನಲ್ಲೂ. ಬಿಟ್ಟಿದ್ದರೆ ಅವನನ್ನ ಕೊಂದದ್ದು ಅದೇ ಅಂತ ಒಪ್ಪಿಕೊಂಡ ಹಾಗಾಗ್ತಿತ್ತು. ತಳ ಮುಟ್ಟಿದಾಗಲೆಲ್ಲ ಅಂದುಕೊಳ್ತಿದ್ದೆ, ನೋಡು, ಏನೂ ಆಗಲಿಲ್ಲ, ಹಾಗಾದರೆ ಆವತ್ತು ಬೇರೆ ಏನೋ ಕೆಟ್ಟಿರಬೇಕು. ಎಷ್ಟು ಸಲ ಇಳಿದರೂ ಸಾಕಾಗಲಿಲ್ಲ. ಕೊನೆಗೆ ನಿನ್ನನ್ನೂ ಇಳಿಸಿದೆ.

ಈ ಪತ್ರ ಲಿಮೊಗೆ ತೋರಿಸು. ಅವನ ಕೈಗೇ ಕೊಡು.

ಕಿಮಾಯೊ


ಇಟೆನ್
27 ಜೂನ್ 2023

ಅಪ್ಪಾ,

ಓದಿದೆ.

ನಾನು ತೋರಿಸಲ್ಲ. ಆ ಹೆಂಗಸು ಮುರಿದ ಕೈ ಇಟ್ಟುಕೊಂಡು ದಿನಾ ನನಗೆ ಮುರ್ಸಿಕ್ ಕಳಿಸ್ತಾಳೆ, ಸೋರೆ ಬುರುಡೆಯಲ್ಲಿ ಹುಳಿ ಬರಿಸಿದ ಹಾಲು, ಹೆದರಿದ ಹುಡುಗಿಗೆ ಮೈಯಲ್ಲಿ ರಕ್ತ ತುಂಬಲಿ ಅಂತ. ಅವಳ ಮನೆಗೆ ಈ ಕಾಗದ ಹಿಡಿದು ಹೋಗಿ ಓದಿ ಅಂತ ಹೇಳೋಕೆ ನನ್ನಿಂದಾಗಲ್ಲ. ಇದನ್ನ ಹೊರಬೇಕಾದವನು ನೀನು.

ಬಾ. ಬಂದು ನಿನ್ನ ಬಾಯಿಂದ ಹೇಳು. ಜುಲೈ ಹದಿನೈದರೊಳಗೆ ಬರದಿದ್ದರೆ ಗಾಡಿಯನ್ನ ಮೊಂಬಾಸಾ ಬಸ್ಸಿನ ಹಿಂದೆಯೇ ಓಡಿಸಿಕೊಂಡು ಬಂದು ನಿನ್ನ ಯಾರ್ಡಿನ ಗೇಟಿನಲ್ಲಿ ನಿಲ್ಲಿಸಿ ಹೋಗ್ತೀನಿ. ನನಗೆ ಬೇಡ ಅದು.

ಜೆರೊಪ್


ಮೊಂಬಾಸಾ
5 ಜುಲೈ 2023

ಜೆರೊಪ್,

ಸೋಮವಾರ ಸಂಜೆಯ ಬಸ್ಸು. ನಿಲ್ದಾಣಕ್ಕೆ ಬಾ. ಒಬ್ಬನೇ ಆ ಮನೆಯವರೆಗೆ ಹೋಗೋ ಧೈರ್ಯ ನನಗಿಲ್ಲ. ಬಾಗಿಲವರೆಗೆ ಬಂದರೆ ಸಾಕು.

ಅಪ್ಪ


ಇಟೆನ್
9 ಆಗಸ್ಟ್ 2023

ಅಪ್ಪಾ,

ನೀನು ಬಂದು ಹೋಗಿ ನಾಲ್ಕು ವಾರವಾಯ್ತು. ನೀನು ಎಲ್ಲದರ ನಡುವೆಯೇ ನಿಂತಿದ್ದೆ, ಆದರೆ ನಿನಗೆ ಏನೂ ಕೇಳಿಸಲಿಲ್ಲ. ಆವತ್ತು ನಾನೂ ಎಲ್ಲ ಹೇಳಲಿಲ್ಲ. ಈಗ ಬರೀತೀನಿ. ನಿನಗೆ ಗೊತ್ತಿರಬೇಕು.

ತಪ್ಕಿಗೆನ್ ಅಂಗಳದಲ್ಲಿ ನೀನು ಹೇಳಿ ಮುಗಿಸಿದ ಮೇಲೆ ಅವಳ ತುಟಿ ಆಡ್ತಿದ್ದದ್ದು ನಿನಗೆ ಕಂಡಿತು. "ಏನಂದಳು?" ಅಂತ ನೀನು ಕೇಳಿದ್ದಕ್ಕೆ, "ಇದನ್ನ ನಿಲ್ದಾಣದಲ್ಲಿ ಎಲ್ಲರ ಮುಂದೆ ಹೇಳಬೇಕಂತೆ" ಅಂತ ನಿನ್ನ ಅಂಗೈ ಮೇಲೆ ಬರೆದು ತೋರಿಸಿದೆ. ಅದಕ್ಕೆ ಮೊದಲು ಅವಳು ಹೇಳಿದ್ದು ಇದು: "ಮೂವತ್ತನಾಲ್ಕು ವರ್ಷ ಅವನ ಗೋರಿ ಹತ್ತಿರ ಹೋದಾಗಲೆಲ್ಲ ಬೈದು ಬಂದಿದ್ದೀನಿ. ಮಕ್ಕಳನ್ನ ಬಿಟ್ಟು ಡೀಸೆಲ್ ಹಿಂದೆ ಹೋದ ಪಾಪಿ ಅಂತ. ಹೂ ಇಡಲಿಲ್ಲ, ಅಳಲಿಲ್ಲ. ಆ ಮಾತೆಲ್ಲ ಅವನು ಕೇಳಿಸಿಕೊಂಡಿರ್ತಾನಲ್ಲ. ಅದನ್ನ ಈಗ ಯಾರು ವಾಪಸ್ ತರ್ತಾರೆ, ಈ ಕಿವುಡ ತರ್ತಾನಾ?" ಕ್ಷಮಿಸ್ತೀನಿ ಅಂತ ಅವಳು ಹೇಳಲಿಲ್ಲ ಅಪ್ಪಾ. ಇವತ್ತಿನವರೆಗೂ ಹೇಳಿಲ್ಲ. ಹೇಳಿದಳು ಅಂತ ನೀನು ಅಂದುಕೊಂಡಿದ್ದರೆ ಅದು ಬೇಡ.

ನಿಲ್ದಾಣದಲ್ಲಿ ನೀನು ಎಷ್ಟು ಗಟ್ಟಿಯಾಗಿ ಮಾತಾಡಿದೆ ಅಂತ ನಿನಗೆ ಗೊತ್ತಿಲ್ಲ. ನಿನಗೆ ಪಿಸುಮಾತು ಅನಿಸಿರಬಹುದು. ಸಂತೆಯ ಆ ತುದಿಯಲ್ಲಿ ಟೊಮ್ಯಾಟೊ ಮಾರೋರೂ ತಕ್ಕಡಿ ಬಿಟ್ಟು ಎದ್ದು ನಿಂತರು. "ಲಾರಿ ಓಡಿಸ್ತಿದ್ದವನು ನಾನು. ಚೆಬೊಯ್ ಅಲ್ಲ. ಅವನು ಗೇರು ಹಾಕು ಅಂದ" ಅಂತ ಮೂರು ಸಲ ಹೇಳಿದೆ. ಒಬ್ಬ ಮುದಿ ಡ್ರೈವರ್ ನೆಲಕ್ಕೆ ಉಗುಳಿದ. ಇನ್ನೊಬ್ಬ, "ಸಾಯೋ ಕಾಲಕ್ಕೆ ಬುದ್ಧಿ ಬಂತಾ" ಅಂದ. ನನ್ನನ್ನ ಗೇಲಿ ಮಾಡ್ತಿದ್ದವರು ಮಾತ್ರ ಟೋಪಿ ತೆಗೆದು ನಿಂತಿದ್ದರು. ಅದು ನಿನಗಲ್ಲ, ಚೆಬೊಯ್‌ಗೆ.

ಲಿಮೊ ಐದು ದಿನ ಗ್ಯಾರೇಜ್ ತೆಗೆಯಲಿಲ್ಲ. ಈಗ ತೆಗೆದಿದ್ದಾನೆ. ನನ್ನನ್ನ ತಂಗಿ ಅನ್ನಲ್ಲ, ಹೆಸರು ಹಿಡಿದು ಕರೀತಾನೆ. ಹೋದ ವಾರ ಒಬ್ಬ ಹೊಸ ಡ್ರೈವರ್ ಸುಟ್ಟ ಬ್ರೇಕ್ ತಂದಿದ್ದ. ಲಿಮೊ ರೂಢಿಯ ಹಾಗೆ "ನಮ್ಮಪ್ಪ..." ಅಂತ ಶುರು ಮಾಡಿದವನು ಮುಂದೆ ಏನು ಹೇಳಬೇಕೋ ತಿಳಿಯದೆ ಸ್ಪ್ಯಾನರ್ ಹಿಡಿದುಕೊಂಡು ನಿಂತುಬಿಟ್ಟ. ಆಮೇಲೆ ಒಳಗೆ ಹೋದ. ನಾನು ಅಲ್ಲಿಂದ ಎದ್ದು ಬಂದೆ.

ನಿನ್ನ ಮೇಲೆ ನನಗಿರೋ ಸಿಟ್ಟು ಇನ್ನೂ ಹೋಗಿಲ್ಲ. ಹಾಗಂತ ನಾನು ಮುಖ ತಿರುಗಿಸಿಕೊಂಡಿಲ್ಲ, ಅದಕ್ಕೇ ಬರೀತಿದ್ದೀನಿ. ಗಾಡಿ ನನ್ನ ಹತ್ತಿರವೇ ಇರಲಿ.

ನಿನ್ನೆ ಬೆಳಿಗ್ಗೆ ನಿಲ್ದಾಣದಲ್ಲಿ ಸಾಲು ಕಾಯ್ತಿದ್ದಾಗ ತಪ್ಕಿಗೆನ್ ಬಂದಳು. ಕೈಯ ಪಟ್ಟಿ ಬಿಚ್ಚಿದ್ದಾರೆ. ನನ್ನನ್ನ ಏನೂ ಕೇಳದೆ ಮುಂದಿನ ಬಾಗಿಲು ತೆಗೆದು ಕೂತಳು. ಇಳಿಜಾರು ಶುರುವಾದಾಗ ಎರಡನೇ ಗೇರಿಗೆ ಎಳೆದೆ. ಗಾಡಿ ನಿಧಾನಕ್ಕೆ ಇಳೀತಾ ಇತ್ತು. ಆಗ ಅವಳು ರಸ್ತೆ ನೋಡ್ತಾನೇ ಶುರು ಮಾಡಿದಳು. ಚೆಬೊಯ್‌ಗೆ ಜೇನು ಕಂಡರೆ ಆಸೆಯಂತೆ. ಮದುವೆಗೆ ಮೊದಲು ಅವಳಿಗೆ ಅಂತ ಗೂಡು ಕೀಳೋಕೆ ಹೋಗಿ ಮುಖ ದಪ್ಪಗೆ ಊದಿಸಿಕೊಂಡು, ಅದೇ ಮುಖದಲ್ಲಿ ಹೆಣ್ಣು ಕೇಳೋಕೆ ಬಂದನಂತೆ. ಅವಳಪ್ಪ ಗುರುತೇ ಹಿಡಿಯಲಿಲ್ಲವಂತೆ. ಹಿಂದಿನ ಸೀಟಿನವರೆಲ್ಲ ನಕ್ಕರು, ಅವಳೂ ನಕ್ಕಳು. ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು.

ಸೇತುವೆ ಬಂತು. ಎಲ್ಲರೂ ಇಳಿದರು. ಮೇಲಕ್ಕೆ ಹೋಗೋರು ಬುಟ್ಟಿ ಹಿಡಿದು ಬಾಗಿಲ ಹತ್ತಿರ ಕಾಯ್ತಿದ್ದರು. ಅವಳು ಇಳಿಯಲಿಲ್ಲ.

"ಅಜ್ಜೀ, ಸೇತುವೆ ಬಂತು" ಅಂದೆ.

"ಗೊತ್ತು" ಅಂದಳು. "ನಡಿ, ಇನ್ನೂ ಹೇಳಿ ಮುಗಿದಿಲ್ಲ."

ಜೆರೊಪ್